ಮಾಸ್ಕ್ ಮೈಗಳ್ಳರು

ಕೇಳುಗರಿಗೆ ನಮಸ್ಕಾರ. ಇವತ್ತು ಸ್ವಲ್ಪ ಬೈಗುಳದ ಮಾತು. ಗಾಬರಿ ಬೇಡ, ಬಾನುಲಿಯಲ್ಲಿ ಹೇಳಬಹುದಾದ ಬೈಗುಳಗಳೇ.

1918ರ ಅಕ್ಟೋಬರ್. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇನ್‌ಫ್ಲುಯೆನ್ಸಾ ಹಬ್ಬಿತ್ತು. ಜನ ಸೇರುವ ಕಡೆ ಮೂಗು ಬಾಯಿಗೆ ಬಟ್ಟೆ ಕಟ್ಟಲೇಬೇಕು ಅಂತ ನಗರ ಕಾನೂನು ಮಾಡಿತು. ಕಟ್ಟದವರಿಗೆ ಒಂದು ಹೆಸರೂ ಬಿತ್ತು: 'ಮಾಸ್ಕ್ ಸ್ಲ್ಯಾಕರ್'.

ಸ್ಲ್ಯಾಕರ್ ಅಂದರೆ ನಮ್ಮ ಮೈಗಳ್ಳ. ಆದರೆ ಆಗ ಆ ಮಾತಿಗಿದ್ದ ಖಾರವೇ ಬೇರೆ. ಮೊದಲ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಸೈನ್ಯಕ್ಕೆ ಸೇರದೆ ತಪ್ಪಿಸಿಕೊಂಡ ಗಂಡಸರನ್ನು ಜನ ಸ್ಲ್ಯಾಕರ್ ಅಂತ ಬೈಯುತ್ತಿದ್ದರು. ಅದೇ ಮಾತನ್ನು ತಂದು ಮಾಸ್ಕ್ ಇಲ್ಲದವರಿಗೆ ಅಂಟಿಸಿದರು. ಯುದ್ಧಕ್ಕೆ ಬೆನ್ನು ತೋರಿಸಿದವನೂ ನೀನೂ ಒಂದೇ ಅಂತ! ರೆಡ್‌ಕ್ರಾಸ್ ಪ್ರಕಟಣೆಯಲ್ಲೇ 'ಅಪಾಯಕಾರಿ ಸ್ಲ್ಯಾಕರ್' ಅಂತ ಅಚ್ಚಾಗಿತ್ತು. ಸಿಗಾರ್ ಸೇದೋಕೆ ಮಾಸ್ಕಿಗೆ ತೂತು ಮಾಡಿಕೊಂಡವರೂ ಇದ್ದರು. ಅವರನ್ನು ಯಾವ ಲೆಕ್ಕಕ್ಕೆ ಸೇರಿಸುವುದೋ ಗೊತ್ತಿಲ್ಲ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಮೇಯರ್ ಕಥೆ. ಜೇಮ್ಸ್ ರಾಲ್ಫ್ ಅಂತ ಅವರ ಹೆಸರು. ಬಾಕ್ಸಿಂಗ್ ನೋಡಲು ಹೋಗಿ, ಮಾಸ್ಕ್ ಇಲ್ಲದೆ ಫೋಟೊದಲ್ಲಿ ಸಿಕ್ಕಿಬಿದ್ದರು. 50 ಡಾಲರ್ ದಂಡ ಕಟ್ಟಿದರು. ಆರೋಗ್ಯಾಧಿಕಾರಿಯೂ ಅಲ್ಲೇ ಇದ್ದರು, ಅವರಿಗೂ ಮಾಸ್ಕ್ ಇರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಅಲ್ವಾ?

1919ರ ಜನವರಿಯಲ್ಲಿ ಮಾಸ್ಕ್ ನಿಯಮ ಮತ್ತೆ ಬಂದಾಗ ವಿರೋಧಿಸುವವರು ಒಂದು ಸಂಘವನ್ನೇ ಕಟ್ಟಿದರು. ಫೆಬ್ರವರಿ 1ಕ್ಕೆ ನಿಯಮ ಹೋಯಿತು.

ನೂರು ವರ್ಷ ಕಳೆದು ಕೋವಿಡ್ ಬಂತು. ಈ ಸಲ ಬೈಗುಳ ಎರಡೂ ಕಡೆಯಿಂದ ಹಾರಿತು. ಮಾಸ್ಕ್ ಹಾಕದವನು 'ಕೋವಿಡಿಯಟ್', ಅಂದರೆ ಕೋವಿಡ್ ಕಾಲದ ಈಡಿಯಟ್. ಹಾಕಿದವನು 'ಶೀಪಲ್', ನಮ್ಮ ಮಾತಲ್ಲಿ ಕುರಿಮಂದೆ. ಮಾಸ್ಕಿಗೇ 'ಮಜ಼ಲ್' ಅಂದರು. ಒಕ್ಕಣೆಯಲ್ಲಿ ಎತ್ತು ತೆನೆಗೆ ಬಾಯಿ ಹಾಕದ ಹಾಗೆ ಕುಕ್ಕೆ ಕಟ್ಟುತ್ತಾರಲ್ಲ, ಅಂಥದ್ದು. ಅದು ಸಾಲದೆ 'ಫೇಸ್ ಡೈಪರ್' ಅಂತಲೂ ಹೀಯಾಳಿಸಿದರು. ಗಮನಿಸಿ, ದೇಶ, ಕರ್ತವ್ಯ ಎಲ್ಲ ಎಲ್ಲೋ ಹೋಯಿತು. ಜಗಳ ಈಗ ಯಾರಿಗೆ ಬುದ್ಧಿ ಇದೆ ಅನ್ನುವುದರ ಮೇಲೆ. ನನ್ನನ್ನು ಕೇಳಿದರೆ ಹಳೆಯ ಬೈಗುಳವೇ ಜಾಸ್ತಿ ಚುಚ್ಚುತ್ತದೆ.

ಜಪಾನಿನವರೂ ಮಾಸ್ಕನ್ನು ಒಳಉಡುಪಿಗೆ ಹೋಲಿಸಿದರು. 'ಕಾವೊ ಪಾಂತ್ಸು', ಅಂದರೆ ಮುಖದ ಚಡ್ಡಿ. ಆದರೆ ಅಲ್ಲಿ ಕಾರಣವೇ ತಿರುಗುಮುರುಗು. ಹಾಕಿ ಹಾಕಿ ಎಷ್ಟು ಅಭ್ಯಾಸವಾಗಿತ್ತು ಅಂದರೆ, ನಾಲ್ಕು ಜನರ ಮುಂದೆ ಅದನ್ನು ತೆಗೆಯೋಕೆ ಅವರಿಗೆ ನಾಚಿಕೆ!

ನಮಸ್ಕಾರ.