ಖಾಲಿ ಆಸ್ಪತ್ರೆಗೆ ತಿಂಗಳು ತಿಂಗಳು ದುಡ್ಡು ಕಟ್ಟಿದ ಕಥೆ: ಸ್ಕಾಟ್‌ಲೆಂಡ್‌ನಲ್ಲಿ ವಿರೋಧ ಪಕ್ಷ ಕೇಳಿದ್ದೇನು?

[ಸ್ಕ್ರೀನ್ ಮೇಲೆ: ಒಂದು ಸ್ಪ್ರೆಡ್‌ಶೀಟ್, ಒಂದು ಸಾಲು ಮಾತ್ರ ಹಳದಿ ಬಣ್ಣದಲ್ಲಿ]

ನಮಸ್ಕಾರ ಎಲ್ರಿಗೂ. ಈ ಶೀಟ್ ನೋಡಿ. ಆಸ್ಪತ್ರೆ ಕಟ್ಟೋದಕ್ಕೆ ಮುಂಚೆ ಇಂಥದ್ದೊಂದು ಪಟ್ಟಿ ಮಾಡ್ತಾರೆ, ಯಾವ ರೂಮಿಗೆ ಎಷ್ಟು ಟೆಂಪರೇಚರ್ ಇರಬೇಕು, ಗಂಟೆಗೆ ಎಷ್ಟು ಸಲ ಒಳಗಿನ ಗಾಳಿ ಪೂರ್ತಿ ಬದಲಾಗಬೇಕು ಅಂತ ಒಂದೊಂದು ರೂಮಿಗೂ ಒಂದೊಂದು ಸಾಲು. ತೀವ್ರ ನಿಗಾ ಘಟಕದ ರೂಮಲ್ಲಿ ಗಂಟೆಗೆ 10 ಸಲ ಗಾಳಿ ಬದಲಾಗಬೇಕಿತ್ತು. ಶೀಟಲ್ಲಿ 4 ಅಂತ ಬಿತ್ತು. ಹೇಗೆ ಅಂದ್ರೆ, ಸಾಮಾನ್ಯ ನಾಲ್ಕು ಹಾಸಿಗೆ ರೂಮಿನ ಲೆಕ್ಕವನ್ನ ತಂದು ನಿಗಾ ಘಟಕದ ನಾಲ್ಕು ಹಾಸಿಗೆ ರೂಮಿಗೂ ಕಾಪಿ ಮಾಡಿಬಿಟ್ರು, ಅಷ್ಟೇ. ಇದು 2012ರ ಮಾತು. ಸಿಕ್ಕಿಬಿದ್ದಿದ್ದು 2019ರಲ್ಲಿ, ಅಷ್ಟೊತ್ತಿಗೆ ಕಟ್ಟಡ ಎದ್ದು ನಿಂತಿತ್ತು, ಬಣ್ಣ ಆಗಿತ್ತು, ಬೀಗದ ಕೈ ಕೂಡ ಕೈಗೆ ಬಂದಿತ್ತು.

ಇದು ಎಡಿನ್‌ಬರಾದ ಮಕ್ಕಳ ಆಸ್ಪತ್ರೆ ಕಥೆ. ಊರವರು ಪ್ರೀತಿಯಿಂದ 'ಸಿಕ್ ಕಿಡ್ಸ್' ಅಂತಾರೆ. ಹಳೇ ಕಟ್ಟಡ 1895ರಿಂದ ನಡ್ಕೊಂಡು ಬಂದಿದ್ದು, ಜಾಗ ಸಾಲ್ತಿರ್ಲಿಲ್ಲ, ಹಾಗಾಗಿ ಊರಾಚೆ ಲಿಟಲ್ ಫ್ರಾನ್ಸ್ ಅನ್ನೋ ಕಡೆ ಹೊಸದು ಕಟ್ಟಿಸಿದ್ರು, ಕಟ್ಟೋ ಖರ್ಚೇ ಸುಮಾರು 150 ಮಿಲಿಯನ್ ಪೌಂಡ್. 2019ರ ಜುಲೈ 9ಕ್ಕೆ ಮಕ್ಕಳನ್ನ ಶಿಫ್ಟ್ ಮಾಡೋದು ಅಂತ ಫಿಕ್ಸ್ ಆಗಿತ್ತು. ಜುಲೈ 4ಕ್ಕೆ, ಅಂದ್ರೆ ಐದೇ ದಿನ ಇರುವಾಗ, ಆರೋಗ್ಯ ಸಚಿವೆ ಜೀನ್ ಫ್ರೀಮನ್ 'ನಿಲ್ಲಿಸಿ' ಅಂದ್ರು.

ಗಾಳಿ ಸರಿಯಿಲ್ಲದ ನಿಗಾ ಘಟಕಕ್ಕೆ, ಸೋಂಕು ತಡ್ಕೊಳ್ಳೋ ಶಕ್ತಿ ಇಲ್ಲದ ಮಕ್ಕಳನ್ನ ಕರ್ಕೊಂಡು ಹೋಗದೇ ಇದ್ದಿದ್ದು ಸರಿನೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದ್ರೆ ಅಲ್ಲಿವರೆಗೂ ಯಾರೂ ಯಾಕೆ ನೋಡ್ಲಿಲ್ಲ?

ಅಲ್ಲಿಂದ ಶುರುವಾಗಿದ್ದೇ ಪಾರ್ಲಿಮೆಂಟಲ್ಲಿ ಪ್ರಶ್ನೆಗಳ ಸುರಿಮಳೆ. ಅದನ್ನ ಅರ್ಥ ಮಾಡ್ಕೋಬೇಕು ಅಂದ್ರೆ ಸ್ಕಾಟ್‌ಲೆಂಡಲ್ಲಿ ಯಾರ ಕೈಲಿ ಏನಿದೆ ಅಂತ ಒಂದೆರಡು ನಿಮಿಷ ನೋಡ್ಬೇಕು.

[ಸ್ಕ್ರೀನ್ ಮೇಲೆ: ಬ್ರಿಟನ್ ಮ್ಯಾಪ್, ಸ್ಕಾಟ್‌ಲೆಂಡ್ ಭಾಗ ಬೇರೆ ಬಣ್ಣ]

1998ರಲ್ಲಿ ಲಂಡನ್ ಪಾರ್ಲಿಮೆಂಟ್ ಒಂದು ಕಾಯ್ದೆ ಮಾಡ್ತು, 1999ರಲ್ಲಿ ಎಡಿನ್‌ಬರಾದಲ್ಲಿ ಸ್ಕಾಟ್‌ಲೆಂಡಿನದೇ ಪಾರ್ಲಿಮೆಂಟ್ ಶುರುವಾಯ್ತು, 129 ಜನ ಸದಸ್ಯರು. ರಕ್ಷಣೆ, ವಿದೇಶಾಂಗ ಎಲ್ಲ ಲಂಡನ್ ಹತ್ರನೇ ಉಳೀತು. ಆರೋಗ್ಯ, ಶಾಲೆ, ಪೊಲೀಸು ಎಡಿನ್‌ಬರಾಗೆ ಬಂತು. ಇದರಲ್ಲಿ ಆರೋಗ್ಯನೇ ದೊಡ್ಡಣ್ಣ, ಒಟ್ಟು ಬಜೆಟ್‌ನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅದೇ ತಿನ್ನುತ್ತೆ. ಊರೂರಿನ ಆಸ್ಪತ್ರೆಗಳನ್ನ ನೋಡ್ಕೊಳ್ಳೋಕೆ 14 ಪ್ರಾದೇಶಿಕ ಹೆಲ್ತ್ ಬೋರ್ಡ್ ಇವೆ, ಎಡಿನ್‌ಬರಾ ಕಡೆಯದು ಲೋಥಿಯನ್ ಬೋರ್ಡ್.

ಇನ್ನು ದುಡ್ಡು. ದೊಡ್ಡ ಪಾಲು ಲಂಡನ್ನಿಂದ ಇಡಿಗಂಟಾಗಿ ಬರುತ್ತೆ. ಇಂಗ್ಲೆಂಡಲ್ಲಿ ಆರೋಗ್ಯಕ್ಕೆ ಖರ್ಚು ಜಾಸ್ತಿ ಮಾಡಿದ್ರೆ ಜನಸಂಖ್ಯೆ ಲೆಕ್ಕದಲ್ಲಿ ಸ್ಕಾಟ್‌ಲೆಂಡ್‌ಗೂ ಪಾಲು ಸಿಗುತ್ತೆ, ಅಲ್ಲಿ ನೂರು ಪೌಂಡ್ ಏರಿಸಿದ್ರೆ ಇಲ್ಲಿಗೆ ಹತ್ತು ಪೌಂಡ್‌ಗಿಂತ ಸ್ವಲ್ಪ ಕಮ್ಮಿ. ಇದಕ್ಕೆ ಬಾರ್ನೆಟ್ ಫಾರ್ಮುಲಾ ಅಂತಾರೆ, 1970ರ ದಶಕದ ಕೊನೇಲಿ ಖಜಾನೆ ಮಂತ್ರಿಯಾಗಿದ್ದ ಜೋಯೆಲ್ ಬಾರ್ನೆಟ್ ಹೆಸರು. ಇದರ ಮೇಲೆ ಸಂಬಳದ ಇನ್‌ಕಂ ಟ್ಯಾಕ್ಸ್ ದರ ಇಟ್ಕೊಳ್ಳೋ ಅಧಿಕಾರ ಸ್ಕಾಟ್‌ಲೆಂಡ್‌ಗಿದೆ, 2024-25ರಿಂದ ಆರು ಹಂತದ ತೆರಿಗೆ ಇದೆ, ಮೇಲಿನ ಹಂತ 48 ಪರ್ಸೆಂಟ್, ಇಂಗ್ಲೆಂಡಲ್ಲಿ ಅದು 45. ಆದ್ರೆ ದಿನನಿತ್ಯದ ಖರ್ಚಿಗೆ ಬೇಕಾದಾಗೆಲ್ಲ ಸಾಲ ಎತ್ತೋ ಹಾಗಿಲ್ಲ, ಇದಕ್ಕೆ ಬಿಗಿ ಮಿತಿ ಇದೆ, ವರ್ಷದ ಮಧ್ಯದಲ್ಲಿ ನರ್ಸ್‌ಗಳ ಸಂಬಳ ಏರಿಸಬೇಕು ಅಂದ್ರೆ ಇನ್ನೊಂದು ಇಲಾಖೆಯಿಂದ ಕಿತ್ತು ಕೊಡ್ಬೇಕು. 2024ರ ಸೆಪ್ಟೆಂಬರ್‌ನಲ್ಲಿ ಹಣಕಾಸು ಸಚಿವೆ ಶೋನಾ ರಾಬಿಸನ್ 500 ಮಿಲಿಯನ್ ಪೌಂಡ್‌ವರೆಗೂ ಖರ್ಚು ಕಡಿತ ಅಂತ ಹೇಳಬೇಕಾಗಿ ಬಂದಿದ್ದು ಇದೇ ಕಾರಣಕ್ಕೆ.

ಈಗ ಗುರುವಾರ ಮಧ್ಯಾಹ್ನ 12 ಗಂಟೆಗೆ ಬನ್ನಿ. ಸದನ ನಡೆಯೋ ವಾರಗಳಲ್ಲಿ ಅವತ್ತು ಫಸ್ಟ್ ಮಿನಿಸ್ಟರ್, ಅಂದ್ರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ, ಸದನದಲ್ಲಿ ನಿಂತು ವಿರೋಧ ಪಕ್ಷದವರಿಗೆ ಉತ್ತರ ಕೊಡ್ಬೇಕು. ನಮ್ಮಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಅಂತೀವಲ್ಲ, ಆ ಥರದ್ದೇ ಆದ್ರೆ ಟಿವಿ ಬಿಸಿ ಜಾಸ್ತಿ. ವಿರೋಧ ಪಕ್ಷದ ನಾಯಕರು ಹೆಚ್ಚಾಗಿ ಏನ್ ಮಾಡ್ತಾರೆ ಅಂದ್ರೆ ಯಾರೋ ಒಬ್ಬ ರೋಗಿಯ ಪತ್ರ ಹಿಡ್ಕೊಂಡು ಬರ್ತಾರೆ, ಮಂಡಿ ಆಪರೇಷನ್‌ಗೆ ಕಾಯ್ತಾ ಇರೋ ಅಜ್ಜಿ, ಆಂಬುಲೆನ್ಸಲ್ಲೇ ಗಂಟೆಗಟ್ಟಲೆ ಮಲಗಿದ್ದ ಅಪ್ಪ. ಅಲ್ಲಿ 2011ರ ಕಾನೂನು ಪ್ರಕಾರ ಚಿಕಿತ್ಸೆ ಅಂತ ಒಪ್ಪಿದ ಮೇಲೆ 12 ವಾರದೊಳಗೆ ಕೊಡಲೇಬೇಕು ಅಂತ ಗ್ಯಾರಂಟಿ ಇದೆ, ಅದು ಲಕ್ಷಕ್ಕೂ ಹೆಚ್ಚು ಸಲ ಮುರಿದುಬಿದ್ದಿದೆ. ಹಾಗಾಗಿ ಪತ್ರಗಳಿಗೇನೂ ಬರ ಇಲ್ಲ.

ಉತ್ತರ? ಹೆಚ್ಚಾಗಿ ಎರಡೇ. ಒಂದು, 'ಇಂಗ್ಲೆಂಡಲ್ಲಿ ಇನ್ನೂ ಕೆಟ್ಟದಾಗಿದೆ.' ಇನ್ನೊಂದು, 'ಲಂಡನ್ ದುಡ್ಡು ಕಮ್ಮಿ ಮಾಡಿದೆ, ನಾವೇನ್ ಮಾಡೋಣ.' ಇದು ಕೇಳಿದ್ ಹಾಗಿದೆ ಅಂತ ನಿಮಗನ್ನಿಸಬಹುದು, ಯಾಕಂದ್ರೆ 14ನೇ ಹಣಕಾಸು ಆಯೋಗದಲ್ಲಿ 4.713 ಪರ್ಸೆಂಟ್ ಇದ್ದ ಕರ್ನಾಟಕದ ಪಾಲು 15ನೇ ಆಯೋಗದಲ್ಲಿ 3.647ಕ್ಕೆ ಇಳಿದ ಮೇಲೆ ನಮ್ಮಲ್ಲೂ ಇದೇ ಮಾತು, 2024ರ ಫೆಬ್ರವರಿಯಲ್ಲಿ ನಮ್ಮ ಮುಖ್ಯಮಂತ್ರಿ ದೆಹಲಿ ಜಂತರ್ ಮಂತರ್‌ವರೆಗೂ ಹೋಗಿ ಧರಣಿ ಕೂತಿದ್ರು. ಅದು ಸುಳ್ಳು ನೆಪ ಅಂತ ನಾನು ಹೇಳ್ತಿಲ್ಲ. ಇಡಿಗಂಟಿನ ಮೇಲೆ ನಡೆಯೋ ಸರ್ಕಾರಕ್ಕೆ ಆ ಕಷ್ಟ ನಿಜವಾಗ್ಲೂ ಇದೆ. ಆದ್ರೆ ಆ ಉತ್ತರ ಎಲ್ಲಾ ಪ್ರಶ್ನೆಗೂ ಹೊಂದಲ್ಲ, ಮತ್ತೆ ವಿರೋಧ ಪಕ್ಷದ ಕೆಲಸ ಇರೋದೇ ಇಲ್ಲಿ, ಆ ಉತ್ತರ ಹೊಂದದೇ ಇರೋ ಪ್ರಶ್ನೆ ಹುಡುಕೋದು.

ಸಿಕ್ ಕಿಡ್ಸ್ ಅಂಥ ಪ್ರಶ್ನೆ.

[ಸ್ಕ್ರೀನ್ ಮೇಲೆ: ತಿಂಗಳಿಗೆ ಸುಮಾರು 1.4 ಮಿಲಿಯನ್ ಪೌಂಡ್]

ಆ ಆಸ್ಪತ್ರೆನ ಒಂದು ಖಾಸಗಿ ಕಂಪನಿ ತನ್ನ ದುಡ್ಡಲ್ಲಿ ಕಟ್ಟಿ, ನೋಡ್ಕೊಂಡು, ಹೆಲ್ತ್ ಬೋರ್ಡಿಂದ ತಿಂಗಳು ತಿಂಗಳು ಹಣ ತಗೊಳ್ಳೋ ಕಾಂಟ್ರ್ಯಾಕ್ಟು. ಕಟ್ಟಡ ಕೈಗೆ ಬಂದಿದ್ದು 2019ರ ಫೆಬ್ರವರಿ, ಅವತ್ತಿಂದ ಮೀಟರ್ ಓಡೋಕೆ ಶುರು. ತಿಂಗಳಿಗೆ ಸುಮಾರು 1.4 ಮಿಲಿಯನ್ ಪೌಂಡ್, ಆಗಿನ ರೇಟಲ್ಲಿ ನಮ್ಮ 12 ಕೋಟಿ ರೂಪಾಯಿ ಆಸುಪಾಸು. ಹಾಸಿಗೆ ಖಾಲಿ, ವಾರ್ಡ್ ಖಾಲಿ, ಮಕ್ಕಳು ಇನ್ನೂ ಹಳೇ ಕಟ್ಟಡದಲ್ಲೇ, ದುಡ್ಡು ಮಾತ್ರ ಹೋಗ್ತಾನೇ ಇತ್ತು. ಗಾಳಿ ವ್ಯವಸ್ಥೆ ಮತ್ತೆ ಉಳಿದಿದ್ದು ಸರಿ ಮಾಡೋಕೆ ಇನ್ನೊಂದು 16 ಮಿಲಿಯನ್ ಬೇಕು ಅಂತ ಸರ್ಕಾರನೇ ಸೆಪ್ಟೆಂಬರ್‌ನಲ್ಲಿ ಹೇಳ್ತು.

ಕನ್ಸರ್ವೇಟಿವ್ ಪಕ್ಷದ ಮೈಲ್ಸ್ ಬ್ರಿಗ್ಸ್, ಲೇಬರ್ ಪಕ್ಷದ ಮೋನಿಕಾ ಲೆನನ್, ಇಬ್ರೂ ಆಗ ತಂತಮ್ಮ ಪಕ್ಷದ ಪರವಾಗಿ ಆರೋಗ್ಯ ವಿಷಯ ನೋಡ್ಕೊಳ್ತಿದ್ದೋರು, ಇಬ್ರೂ ಪಟ್ಟು ಹಿಡಿದು ಕೂತ್ರು. ಪ್ರಶ್ನೆಗಳ ತಿರುಳು ಸಿಂಪಲ್ಲು: ಯಾರಿಗೆ ಯಾವಾಗ ಗೊತ್ತಾಯ್ತು, ಗೊತ್ತಿಲ್ದೆ ಫೆಬ್ರವರಿಯಲ್ಲಿ ಕೀ ಹೇಗೆ ಇಸ್ಕೊಂಡ್ರಿ, ಕಟ್ಟೋರು ಕಟ್ಟಿದ್ರು ಸರಿ ಪರೀಕ್ಷೆ ಮಾಡ್ಬೇಕಾದೋರು ಎಲ್ಲಿದ್ರು. ಇದಕ್ಕೆ ಲಂಡನ್ ಕಡೆ ಬೆರಳು ತೋರಿಸೋಕೆ ಆಗಲ್ಲ. ಅಂದಿನ ಫಸ್ಟ್ ಮಿನಿಸ್ಟರ್ ನಿಕೋಲಾ ಸ್ಟರ್ಜನ್ 2007ರಿಂದ 2012ರವರೆಗೆ ಸ್ವತಃ ಆರೋಗ್ಯ ಸಚಿವೆ ಆಗಿದ್ದೋರು, ಹಾಗಾಗಿ 'ನಮ್ಮ ಕಾಲದ್ದಲ್ಲ' ಅನ್ನೋಕೂ ದಾರಿ ಇರ್ಲಿಲ್ಲ.

ಸಚಿವರ ರಾಜೀನಾಮೆ ಕೇಳಿದ್ ದಿನ ಹೆಡ್‌ಲೈನ್ ಬಂತು, ಸಚಿವರು ಕುರ್ಚಿಲೇ ಇದ್ರು. ದಾಖಲೆ, ವರದಿ ಕೇಳಿದ್ ದಿನ ಅಷ್ಟು ಸದ್ದಾಗ್ಲಿಲ್ಲ, ಆದ್ರೆ ಕೆಲಸ ಆಗಿದ್ದು ಅದರಿಂದ. 2019ರ ಸೆಪ್ಟೆಂಬರ್‌ನಲ್ಲಿ ಹೊರಗಿನ ಆಡಿಟರ್‌ಗಳು ಮಾಡಿದ್ದ ವರದಿ ಸಾರ್ವಜನಿಕವಾಯ್ತು, ಅದೇ ತಿಂಗಳು ಸರ್ಕಾರ ಪಬ್ಲಿಕ್ ಎನ್‌ಕ್ವೈರಿಗೆ ಒಪ್ಕೊಳ್ತು, ಎಡಿನ್‌ಬರಾ ಜೊತೆಗೆ ಗ್ಲಾಸ್ಗೋದ ಕ್ವೀನ್ ಎಲಿಜಬೆತ್ ಆಸ್ಪತ್ರೆನೂ ಸೇರಿಸಿ, ಲಾರ್ಡ್ ಬ್ರೋಡಿ ಅನ್ನೋ ಜಡ್ಜ್ ಅಧ್ಯಕ್ಷತೆಯಲ್ಲಿ. ಡಿಸೆಂಬರ್‌ನಲ್ಲಿ ಸ್ಕಾಟ್‌ಲೆಂಡಿನ ಆಡಿಟರ್ ಜನರಲ್, ನಮ್ಮ ಸಿಎಜಿ ಥರ ಅಂದ್ಕೊಳ್ಳಿ, ಲೋಥಿಯನ್ ಬೋರ್ಡ್ ಬಗ್ಗೆನೇ ಪ್ರತ್ಯೇಕ ವರದಿ ಪಾರ್ಲಿಮೆಂಟ್ ಮುಂದೆ ಇಟ್ರು. ಗಂಟೆಗೆ 4 ಅನ್ನೋ ಆ ಕಾಪಿ-ಪೇಸ್ಟ್ ತಪ್ಪು ಜನರಿಗೆ ಗೊತ್ತಾಗಿದ್ದು ಗುರುವಾರದ ಚರ್ಚೆಯಿಂದಲ್ಲ, ಇಂಥ ವರದಿಗಳ ಪುಟಗಳಿಂದ.

ಗ್ಲಾಸ್ಗೋ ವಿಷಯ ಇನ್ನೂ ನೋವಿಂದು. ಅಲ್ಲಿ ನೀರಿನ ಸೋಂಕಿಗೂ ಕ್ಯಾನ್ಸರ್ ವಾರ್ಡಿನ ಮಗುವಿನ ಸಾವಿಗೂ ಸಂಬಂಧ ಇದೆಯಾ ಅನ್ನೋ ಪ್ರಶ್ನೆನ 2019ರ ನವೆಂಬರ್‌ನಲ್ಲಿ ಲೇಬರ್ ಪಕ್ಷದ ಅನಸ್ ಸರ್ವರ್ ಸದನಕ್ಕೆ ತಂದ್ರು, ಒಳಗಿನ ವೈದ್ಯರು ಕೊಟ್ಟ ಮಾಹಿತಿ ಇಟ್ಕೊಂಡು. ಹೆಸರು ಹೇಳೋಕೆ ಆಗದ ಡಾಕ್ಟರ್‌ಗೆ ವಿರೋಧ ಪಕ್ಷದ ಒಬ್ಬ ಸದಸ್ಯ ಬಾಯಿ ಆಗ್ತಾನಲ್ಲ, ಅದು ಸಣ್ಣ ವಿಷಯ ಅಲ್ಲ. ಅದರ ಬಗ್ಗೆ ಬೇರೆನೇ ವಿಡಿಯೋ ಮಾಡ್ತೀನಿ, ಎರಡು ನಿಮಿಷದಲ್ಲಿ ಹೇಳಿ ಮುಗಿಸೋಕೆ ನನಗೆ ಮನಸ್ಸಿಲ್ಲ.

ಇನ್ನೊಂದು ಬೇಗ ಹೇಳ್ಬಿಡ್ತೀನಿ. ಡಂಡೀ ಕಡೆಯ ಟೇಸೈಡ್ ಹೆಲ್ತ್ ಬೋರ್ಡ್‌ನಲ್ಲಿ, ರೋಗಿಗಳ ಮನೆಯವರು ನೆನಪಿಗೋಸ್ಕರ, ಕೃತಜ್ಞತೆಗೋಸ್ಕರ ಕೊಟ್ಟ ದಾನದ ಹಣ ಇರುತ್ತಲ್ಲ, ಅದರಲ್ಲಿ 2.7 ಮಿಲಿಯನ್ ಪೌಂಡನ್ನ ಬೋರ್ಡಿನ ಕಂಪ್ಯೂಟರ್ ಸಿಸ್ಟಂ ಥರದ ಮಾಮೂಲಿ ಖರ್ಚಿಗೆ ಬಳಸಿದ್ರು ಅಂತ 2018ರಲ್ಲಿ ಹೊರಗೆ ಬಂತು. ಆಗ ಆರೋಗ್ಯ ಸಚಿವೆ ಆಗಿದ್ದೋರು ಇದೇ ಶೋನಾ ರಾಬಿಸನ್. ಸದನದಲ್ಲಿ ಗಲಾಟೆ ಆಯ್ತು, ಬೋರ್ಡಿನ ಮೇಲಿನವರು ಜಾಗ ಖಾಲಿ ಮಾಡ್ಬೇಕಾಯ್ತು.

[ಸ್ಕ್ರೀನ್ ಮೇಲೆ: ಹೊಸ ಆಸ್ಪತ್ರೆಯ ಮುಂಬಾಗಿಲು]

ಸಿಕ್ ಕಿಡ್ಸ್‌ಗೆ ಬರೋಣ. 2020ರ ಜುಲೈನಲ್ಲಿ ಮೊದಲು ಹೊರರೋಗಿಗಳನ್ನ ನೋಡೋಕೆ ಶುರು ಮಾಡಿದ್ರು, ಪೂರ್ತಿ ತೆರೆದಿದ್ದು 2021ರ ಮಾರ್ಚ್, ಮಕ್ಕಳು ಅಂತೂ ಆಗ ಹೊಸ ಕಟ್ಟಡಕ್ಕೆ ಬಂದ್ರು. ನಿಗಾ ಘಟಕದ ಗಾಳಿ ಅಷ್ಟೊತ್ತಿಗೆ ಸರಿ ಆಗಿತ್ತು. ಲಾರ್ಡ್ ಬ್ರೋಡಿ ಅವರ ಎಡಿನ್‌ಬರಾ ಭಾಗದ ಮಧ್ಯಂತರ ವರದಿ ಬಂದಿದ್ದು 2025ರ ಮಾರ್ಚ್‌ನಲ್ಲಿ, ಮೊದಲನೇ ಪ್ರಶ್ನೆ ಕೇಳಿ ಐದು ವರ್ಷದ ಮೇಲಾಗಿತ್ತು. ಕಾಂಟ್ರ್ಯಾಕ್ಟ್ 25 ವರ್ಷದ್ದು, ಆ ತಿಂಗಳ ಹಣ ಈಗ್ಲೂ ಹೋಗ್ತಿದೆ, ಈಗ ಒಳಗೆ ಮಕ್ಕಳಿದ್ದಾರೆ.