ಮುಖ ಒಂದನ್ನೇ ನೋಡಿದರೆ ಸಾಲದು

ಕೇಳುಗರೆಲ್ಲರಿಗೂ ನಮಸ್ಕಾರ.

'ಮುಖ ನೋಡಿದರೇ ಗೊತ್ತಾಗುತ್ತದೆ' ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ, ಅಲ್ವಾ? ಸೊಸೆ ಮುಖ ಊದಿಸಿಕೊಂಡಿದ್ದಾಳೆ, ಮೇಷ್ಟ್ರು ಹುಬ್ಬು ಗಂಟಿಕ್ಕಿದ್ದಾರೆ ಎನ್ನುತ್ತೇವೆ. ಸಿಟ್ಟು ಬಂದಿದೆ ಎಂದು ತೀರ್ಪನ್ನೂ ಕೊಟ್ಟುಬಿಡುತ್ತೇವೆ.

ಹಿಲೆಲ್ ಅವಿಯೇಜರ್ ಎಂಬ ಮನಶ್ಶಾಸ್ತ್ರಜ್ಞರು ಜೊತೆಗಾರರೊಡನೆ ಇದನ್ನೇ ಪರೀಕ್ಷೆಗೆ ಒಡ್ಡಿದರು. 2012ರಲ್ಲಿ ಅದು ಪ್ರಕಟವಾಯಿತು. ಅವರು ತೆಗೆದುಕೊಂಡದ್ದು ಟೆನಿಸ್ ಆಟಗಾರರ ಫೋಟೋಗಳನ್ನು. ಎಲ್ಲವೂ ಪಾಯಿಂಟ್ ಗೆದ್ದ ಅಥವಾ ಕಳೆದುಕೊಂಡ ಆ ಗಳಿಗೆಯವು. ಮೊದಲು ಬರೀ ಮುಖ ತೋರಿಸಿದರು. ಗೆದ್ದವರು ಯಾರು, ಸೋತವರು ಯಾರು ಎಂದು ನೋಡಿದವರಿಗೆ ಹೇಳಲಾಗಲಿಲ್ಲ. ಖುಷಿ ಮಿತಿಮೀರಿದರೂ ಸಂಕಟ ಮಿತಿಮೀರಿದರೂ ಮುಖ ಹೆಚ್ಚುಕಡಿಮೆ ಒಂದೇ ಥರ ಕಿವುಚಿಕೊಳ್ಳುತ್ತದೆ. ಆಮೇಲೆ ಮುಖ ತೆಗೆದು ಮೈ ಮಾತ್ರ ತೋರಿಸಿದರು. ಆಗ ಸರಿಯಾಗಿ ಹೇಳಿದರು! ಗೆದ್ದವರ ಮುಖವನ್ನು ಸೋತವರ ಮೈಗೆ ಅಂಟಿಸಿದಾಗ, ಅದೇ ಮುಖ ಸೋತ ಮುಖವಾಗಿ ಕಂಡಿತು. ನನಗೆ ತುಂಬ ಅಚ್ಚರಿ ತಂದದ್ದು ಇನ್ನೊಂದು ಸಂಗತಿ. ಇಡೀ ಫೋಟೋ ನೋಡಿದವರಲ್ಲಿ ಅನೇಕರು, ತಾವು ಮುಖ ನೋಡಿಯೇ ಕಂಡುಹಿಡಿದೆವು ಎಂದು ನಂಬಿದ್ದರು.

ಹಾಗಂತ ಮುಖ ಏನೂ ಹೇಳುವುದೇ ಇಲ್ಲ ಎನ್ನಲಾಗದು. 1960ರ ದಶಕದ ಕೊನೆಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್, ಹೊರಜಗತ್ತಿನ ಸಂಪರ್ಕ ತೀರಾ ಕಡಿಮೆಯಿದ್ದ ಪಪುವಾ ನ್ಯೂಗಿನಿಯ ಫೋರೆ ಬುಡಕಟ್ಟಿನ ಜನರಿಗೆ ಸಣ್ಣ ಸಣ್ಣ ಕತೆ ಹೇಳಿ, ಅದಕ್ಕೆ ಹೊಂದುವ ಮುಖದ ಫೋಟೋ ಆರಿಸಲು ಕೇಳಿದ್ದರು. ನಗು, ಸಿಟ್ಟು, ದುಃಖದ ಮುಖಗಳನ್ನು ಬಹುಪಾಲು ಜನ ಸರಿಯಾಗಿ ಆರಿಸಿದರು. ಭಯ ಮತ್ತು ಅಚ್ಚರಿಯ ನಡುವೆ ಮಾತ್ರ ತಡವರಿಸಿದರು. ಆದರೆ ಅದೇ ದೇಶದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಬೇರೆ ತಂಡವೊಂದು ಕಣ್ಣರಳಿಸಿ ಬಾಯಿ ತೆರೆದ ಮುಖವನ್ನು ತೋರಿಸಿತು. ನಾವು ನೀವಾದರೆ 'ಪಾಪ, ಹೆದರಿದ್ದಾನೆ' ಎನ್ನುತ್ತಿದ್ದೆವು. ಅಲ್ಲಿನ ಹೆಚ್ಚಿನವರು 'ಇವನು ಹೆದರಿಸುತ್ತಿದ್ದಾನೆ' ಎಂದರು. ಇದು ಪ್ರಕಟವಾದದ್ದು 2016ರಲ್ಲಿ.

ಇಷ್ಟೆಲ್ಲ ಗೊತ್ತಿದ್ದೂ, ಮುಖದ ಮೇಲೆ ಕ್ಯಾಮೆರಾ ಹಿಡಿದು ಮನಸ್ಸನ್ನು ಓದುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳು ಬಂದಿವೆ. ಕೆಲಸದ ಇಂಟರ್‌ವ್ಯೂನಲ್ಲಿ ಕೂತ ಹುಡುಗಿ ಗಾಬರಿಯಲ್ಲಿ ನಗದೇ ಹೋದರೆ, ಅವಳಿಗೆ ಆಸಕ್ತಿಯಿಲ್ಲ ಎಂದು ಯಂತ್ರ ಬರೆದುಕೊಂಡರೆ ಹೇಗೆ? ಅದು ಅನ್ಯಾಯ. ಯುರೋಪಿಯನ್ ಒಕ್ಕೂಟದಲ್ಲಿ ಕೆಲಸದ ಜಾಗ ಮತ್ತು ಶಾಲೆ-ಕಾಲೇಜುಗಳಲ್ಲಿ ಇಂಥ ಯಂತ್ರಗಳಿಗೆ 2025ರ ಫೆಬ್ರವರಿಯಿಂದ ನಿಷೇಧವಿದೆ. ಚಿಕಿತ್ಸೆ ಮತ್ತು ಸುರಕ್ಷತೆಯ ಕಾರಣಕ್ಕಷ್ಟೇ ವಿನಾಯಿತಿ. ನಮ್ಮಲ್ಲೂ ಅಂಥದ್ದೊಂದು ಕಾನೂನು ಬೇಗ ಬರಲಿ ಎಂಬುದು ನನ್ನ ಆಸೆ.

ನಮಸ್ಕಾರ.