ಹದಿನೈದು ದಿನಕ್ಕೊಂದು ಪಾತಿ

ಕೇಳುಗರೆಲ್ಲರಿಗೂ ನಮಸ್ಕಾರ. ಕೈತೋಟ ಅಂದ ಕೂಡಲೇ ಜನ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಯಾವ ಗೊಬ್ಬರ ಹಾಕಬೇಕು? ಹುಳಕ್ಕೆ ಏನು ಹೊಡೆಯಬೇಕು? ಎಷ್ಟು ಬಿತ್ತಬೇಕು, ಯಾವಾಗ ಬಿತ್ತಬೇಕು ಅಂತ ಒಬ್ಬರೂ ಕೇಳುವುದಿಲ್ಲ. ಇವತ್ತು ನಾನು ಅದನ್ನೇ ಹೇಳುತ್ತೇನೆ. ತಂದ ಬೀಜವನ್ನೆಲ್ಲ ಒಂದೇ ದಿನ ಬಿತ್ತಬೇಡಿ.

ಮೂಲಂಗಿಯನ್ನೇ ತಗೊಳ್ಳಿ. ಪೊಟ್ಟಣದ ಬೀಜವನ್ನೆಲ್ಲ ಒಂದೇ ಭಾನುವಾರ ಸುರಿದರೆ, 40–45 ದಿನಕ್ಕೆ ಎಲ್ಲವೂ ಒಟ್ಟಿಗೆ ಕೀಳಲು ಬರುತ್ತವೆ. ಆ ವಾರ ಹುಳಿಗೂ ಮೂಲಂಗಿ, ಪಲ್ಯಕ್ಕೂ ಮೂಲಂಗಿ, ಪಕ್ಕದ ಮನೆಗೂ ಮೂಲಂಗಿ. ಕೀಳದೆ ಬಿಟ್ಟದ್ದು ಬೆಂಡಾಗುತ್ತದೆ. ಆಮೇಲೆ ಪಾತಿ ಖಾಲಿ, ನೀವು ಮತ್ತೆ ಚೀಲ ಹಿಡಿದು ಸಂತೆಗೆ. ಇದಕ್ಕೇನಾ ಅಷ್ಟು ಕಷ್ಟಪಟ್ಟು ಅಗೆದದ್ದು?

ನಮ್ಮ ಸೋದರತ್ತೆ ಒಬ್ಬರು ತಿಪಟೂರಿನ ಹತ್ತಿರ ಇದ್ದರು. ಹಿತ್ತಿಲು ಬಹಳ ಚಿಕ್ಕದು. ಬಚ್ಚಲ ನೀರು ಹೋಗುವ ಕಡೆ ಒಂದು ಬಸಳೆ ಬಳ್ಳಿ, ಅದರಾಚೆ ಮೂರು ಪಾತಿ, ಅಷ್ಟೇ. ಆದರೂ ಅವರು ದುಡ್ಡು ಕೊಟ್ಟು ಕೊತ್ತಂಬರಿ ಸೊಪ್ಪು ಕೊಂಡದ್ದನ್ನು ನಾನು ನೋಡಿಲ್ಲ. ಅವರ ಲೆಕ್ಕ ಏನು ಗೊತ್ತಾ? ಅಮಾವಾಸ್ಯೆಗೆ ಒಂದು ಪಾತಿ, ಹುಣ್ಣಿಮೆಗೆ ಒಂದು ಪಾತಿ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಆ ಎರಡು ದಿನ ಎದ್ದು ಕಾಣುತ್ತವೆ, ಹಾಗಾಗಿ ಮರೆಯುವ ಮಾತೇ ಇರಲಿಲ್ಲ.

ಹಿಂದಿನ ಸಂಜೆ ಜಗಲಿ ಕಲ್ಲಿನ ಮೇಲೆ ಒಂದು ಹಿಡಿ ಕೊತ್ತಂಬರಿ ಬೀಜ ಹರಡಿ, ಚೊಂಬಿನ ತಳದಿಂದ ಮೆಲ್ಲಗೆ ಉಜ್ಜುತ್ತಿದ್ದರು. ಜಜ್ಜುವಂತಿಲ್ಲ, ಉಜ್ಜಬೇಕು. ಕಾಳು ಪಟಪಟ ಅಂತ ಎರಡು ಹೋಳಾಗಬೇಕು. ಒಂದೊಂದು ಹೋಳಲ್ಲೂ ಒಂದು ಬೀಜ ಇರುತ್ತದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಒಣ ಮರಳು ಬೆರೆಸಿ ಸಾಲಾಗಿ ಉದುರಿಸಿ, ತೆಳ್ಳಗೆ ಮಣ್ಣು ಎಳೆದು, ಮೇಲೆ ಒದ್ದೆ ಗೋಣಿಚೀಲ. ಎಂಟು ಹತ್ತು ದಿನಕ್ಕೆ ಮೊಳಕೆ ಕಾಣುತ್ತದೆ. ಕಂಡ ದಿನವೇ ಗೋಣಿ ತೆಗೆಯಬೇಕು. ನಾವು ಮಕ್ಕಳು ದಿನಾ ಗೋಣಿಯ ತುದಿ ಎತ್ತಿ ಇಣುಕುತ್ತಿದ್ದೆವು, ಬೈಸಿಕೊಳ್ಳುತ್ತಿದ್ದೆವು.

ಈಗ ಲೆಕ್ಕ ನೋಡಿ. ಒಂದು ಪಾತಿಯಲ್ಲಿ ಕೀಳುವ ಸೊಪ್ಪು, ಪಕ್ಕದ್ದರಲ್ಲಿ ಎಳೆ ಸೊಪ್ಪು, ಮೂರನೆಯದರಲ್ಲಿ ಮೊಳಕೆ. ಮೂರು ಪಾತಿ, 15 ದಿನದ ಅಂತರ, 45 ದಿನಕ್ಕೆ ಒಂದು ಸುತ್ತು. ಖಾಲಿಯಾದ ಪಾತಿಗೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿ ಮತ್ತೆ ಬಿತ್ತುವುದು. ಮೂಲಂಗಿಗೂ ಇದೇ ಲೆಕ್ಕ. ಮೆಂತ್ಯ, ಹರಿವೆಗೆ 25–30 ದಿನ ಸಾಕು, ಎರಡು ಪಾತಿ ಇದ್ದರೆ ಆಯಿತು. ಹಿತ್ತಿಲೇ ಇಲ್ಲವಾ? ತಾರಸಿ ಮೇಲೆ ಮೂರು ಕುಂಡ ಇಡಿ. ಮೂರಕ್ಕೂ ಒಂದೇ ದಿನ ಬೀಜ ಹಾಕಬೇಡಿ, ಅಷ್ಟೇ. ಉಳಿದ ಬೀಜವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ತಾಗದ ಕಡೆ ಇಡಿ.

ಅತ್ತೆಯ ವಿಷಯಕ್ಕೇ ಹೊತ್ತು ಜಾಸ್ತಿ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಬದನೆ, ಮೆಣಸಿನಕಾಯಿ ಕೊಯ್ದಷ್ಟೂ ಬಿಡುತ್ತಲೇ ಇರುತ್ತವೆ. ನಾಲ್ಕು ಜನರ ಮನೆಗೆ ಮೂರು ಬದನೆ ಗಿಡ, ನಾಲ್ಕು ಮೆಣಸಿನ ಗಿಡ ಸಾಕು. ಸಸಿ ಅಗ್ಗವಾಗಿ ಸಿಕ್ಕಿತು ಅಂತ ಇಪ್ಪತ್ತು ತಂದು ನೆಡಬೇಡಿ, ದಯವಿಟ್ಟು. ಬೆಂಡೆಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿ ಹಾಕಿ. ಎಲೆಯ ನರ ಹಳದಿಯಾಗುವ ನಂಜು ರೋಗವನ್ನು ತಡೆಯಲೆಂದೇ ಬೆಳೆಸಿದ ತಳಿ ಅದು. ದಿನ ಬಿಟ್ಟು ದಿನ ಕೊಯ್ಯಿರಿ, ಬಲಿಯಲು ಬಿಡಬೇಡಿ. ಬಿಸಿಲು ಆರು ಗಂಟೆ ಬೀಳುವ ಜಾಗ ಕಾಯಿಪಲ್ಲೆಗೆ, ಕಡಿಮೆ ಬೀಳುವ ಜಾಗ ಸೊಪ್ಪಿಗೆ. ಇನ್ನು ನಿಮ್ಮ ಹುಳದ ಪ್ರಶ್ನೆ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಒಂದು ಚೂರು ಸೋಪು, ಸಂಜೆ ಹೊತ್ತು ಸಿಂಪಡಿಸಿ.

ಹಣ್ಣು ಬೇಕು ಅನ್ನುವವರು ಸ್ಟ್ರಾಬೆರಿ ಕೇಳುತ್ತಾರೆ. ಬೆಂಗಳೂರಿನ ಚಳಿಗೆ ಕುಂಡದಲ್ಲಿ ಬರುತ್ತದೆ, ಬೇಸಿಗೆಗೆ ಸೊರಗುತ್ತದೆ. ಅದಕ್ಕಿಂತ ಹಿಪ್ಪುನೇರಳೆ ಎಷ್ಟೋ ವಾಸಿ! ರಾಮನಗರದ ಕಡೆ ರೇಷ್ಮೆಹುಳಕ್ಕೆ ಸೊಪ್ಪಿಗೆಂದು ಬೆಳೆಯುತ್ತಾರಲ್ಲ, ಅದೇ ಗಿಡ. ಪೆನ್ಸಿಲ್ ದಪ್ಪದ, ಮೂರು ನಾಲ್ಕು ಕಣ್ಣಿರುವ ಕಡ್ಡಿಯನ್ನು ಮಳೆಗಾಲದಲ್ಲಿ ಓರೆಯಾಗಿ ಊರಿ. ಗಿಡ ಬಲಿತ ಮೇಲೆ, ಹಣ್ಣು ಮುಗಿದ ಕೂಡಲೇ ರೆಂಬೆ ಕತ್ತರಿಸಿ ನೀರು ಕೊಡಿ. ಹೊಸ ಚಿಗುರಿನ ಜೊತೆಯಲ್ಲೇ ಮತ್ತೆ ಕಾಯಿ ಬರುತ್ತದೆ. ಎರಡು ಗಿಡ ಇದ್ದರೆ ಎರಡನ್ನೂ ಒಂದೇ ದಿನ ಕತ್ತರಿಸಬೇಡಿ. ಒಂದನ್ನು ಇವತ್ತು, ಇನ್ನೊಂದನ್ನು ತಿಂಗಳು ಬಿಟ್ಟು. ನಮಸ್ಕಾರ.